ಹಾಲಿನ ದುಡ್ಡಿಗೆ ದಾರಿ ಮಾಡಿದ ತ್ರಿಭುವನದಾಸ್

ಅಮುಲ್ ಎಂದರೆ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕುರಿಯನ್. ಅವರೂ ಎಂಜಿನಿಯರ್ ಅಲ್ಲವೆ, ನಮ್ಮವರೆಂಬ ಅಭಿಮಾನ! ಆದರೆ ಅವರು ಆನಂದ್‌ಗೆ ಕಾಲಿಡುವ ಮುಂಚೆಯೇ ಅಲ್ಲಿ ರೈತರ ಸಂಘ ಕಟ್ಟಿದ್ದವರು ತ್ರಿಭುವನದಾಸ್ ಪಟೇಲ್. ಗುಜರಾತಿನಲ್ಲಿ ಅವರ ಹೆಸರು ಮನೆಮಾತು. ಈಚೆಗೆ ಆನಂದ್‌ನ ಸಹಕಾರಿ ವಿಶ್ವವಿದ್ಯಾಲಯಕ್ಕೂ ಅದೇ ಹೆಸರಿಟ್ಟಿದ್ದಾರೆ. ನನಗೆ ಅವರ ಬಗ್ಗೆ ಕುತೂಹಲ ಹುಟ್ಟಿದ್ದು ಮಾತ್ರ ನಮ್ಮ ಮನೆಯ ಎಮ್ಮೆಗಳಿಂದ.

ಹಾಲು ಉತ್ಪಾದಕರಿಗೆ ನಮ್ಮ ರಾಜ್ಯ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2013ರಲ್ಲಿ 4 ಆಯಿತು, ಆಮೇಲೆ 5 ಆಯಿತು. ಹಳ್ಳಿಯಲ್ಲಿರುವ ನಮ್ಮ ಸೋದರಮಾವನಿಗೆ ಅದು ಬ್ಯಾಂಕ್ ಖಾತೆಗೆ ಬೀಳುತ್ತದೆ. ಗೋಪನಕೊಪ್ಪದಲ್ಲಿ ಎರಡು ಎಮ್ಮೆ ಕಟ್ಟಿರುವ ನಮಗೆ ಒಂದು ಪೈಸೆಯೂ ಇಲ್ಲ. ಮಾವ ಸಂಘಕ್ಕೆ ಹಾಲು ಹಾಕುತ್ತಾರೆ, ನಮ್ಮವ್ವ ಓಣಿಯ ಮನೆಗಳಿಗೆ ಕೊಡುತ್ತಾಳೆ. ಸಂಘದ ಪುಸ್ತಕದಲ್ಲಿ ಬರೆದ ಹಾಲಿಗಷ್ಟೇ ಸರ್ಕಾರದ ಲೆಕ್ಕ. ಎಮ್ಮೆ ಎಮ್ಮೆಯೇ, ಹಾಲು ಹಾಲೇ, ಮತ್ತೆ ಈ ಭೇದವೇಕೆ ಎಂದು ನನಗೆ ಸಿಟ್ಟಿತ್ತು. ತ್ರಿಭುವನದಾಸರ ಬದುಕು ಓದಿದ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಕಾರಣವಾದರೂ ತಿಳಿಯಿತು.

ಅವರು ಹುಟ್ಟಿದ್ದು 1903ರಲ್ಲಿ, ಆನಂದ್‌ನಲ್ಲಿ. ಗಾಂಧೀಜಿಯ ಗುಜರಾತ್ ವಿದ್ಯಾಪೀಠದಲ್ಲಿ ಓದಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು. ಹೊರಬಂದ ಮೇಲೆ ಖೇಡಾ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. 1945ರಲ್ಲಿ ಮುಂಬೈ ನಗರಕ್ಕೆ ಹಾಲು ಒದಗಿಸಲು ಅಲ್ಲಿನ ಸರ್ಕಾರವೇ ಯೋಜನೆ ಮಾಡಿತು. ಆನಂದ್‌ನಿಂದ ಹಾಲು ಕಳಿಸುವ ಕೆಲಸ ಪಾಲ್ಸನ್ ಎಂಬ ಖಾಸಗಿ ಡೇರಿಗೆ ಸಿಕ್ಕಿತು. ಸರ್ಕಾರದ ದುಡ್ಡು ಡೇರಿಗೆ ಬಂತು, ಅಲ್ಲಿಂದ ಗುತ್ತಿಗೆದಾರರಿಗೆ ಬಂತು, ಕೊಟ್ಟಿಗೆಯವರೆಗೆ ಮಾತ್ರ ಬರಲಿಲ್ಲ. ಹಾಲು ಹಿಂಡುವವನಿಗೆ ಹಳೆಯ ದರವೇ.

ರೈತರು ಸರ್ದಾರ್ ಪಟೇಲರ ಬಳಿ ಹೋದರು. ಅವರು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿತು. ಹಳ್ಳಿಗೊಂದು ಸಂಘ, ಎಲ್ಲಕ್ಕೂ ಸೇರಿ ಒಂದು ಒಕ್ಕೂಟ, ಸರ್ಕಾರ ಆ ಒಕ್ಕೂಟದಿಂದಲೇ ಹಾಲು ಕೊಳ್ಳಬೇಕು ಎಂಬ ತೀರ್ಮಾನವಾಯಿತು. ಸರ್ಕಾರ ಒಪ್ಪದಿದ್ದಾಗ ರೈತರು ಹದಿನೈದು ದಿನ ಹಾಲು ಮಾರಲಿಲ್ಲ. ಎಮ್ಮೆ ಸಾಕಿದವರಿಗೆ ಇದರ ಭಾರ ಗೊತ್ತು. ಹಾಲು ಮಾರದಿದ್ದರೂ ದಿನಕ್ಕೆರಡು ಹೊತ್ತು ಹಿಂಡಲೇಬೇಕು, ಹಿಂಡಿಗೆ ದುಡ್ಡು ಹಾಕಲೇಬೇಕು. ಆದರೂ ಅವರು ಸೋಲಲಿಲ್ಲ, ಸರ್ಕಾರವೇ ಮಣಿಯಿತು. ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು, ತ್ರಿಭುವನದಾಸರು ಅಧ್ಯಕ್ಷರಾದರು. 1948ರಲ್ಲಿ ಹಾಲು ಕಳಿಸಲು ಶುರುಮಾಡಿದಾಗ ಇದ್ದದ್ದು ಎರಡು ಸಂಘ, ದಿನಕ್ಕೆ ಸುಮಾರು 250 ಲೀಟರ್.

ಆ ಹಾಲಿಗೆ ಅಳತೆಯಿತ್ತು, ಕೊಟ್ಟವನ ಹೆಸರಿತ್ತು, ಮಧ್ಯದಲ್ಲಿ ದಲ್ಲಾಳಿ ಇರಲಿಲ್ಲ. 1974ರ ನಂತರ ನಮ್ಮ ರಾಜ್ಯದ ಸಂಘಗಳೂ ಇದೇ ಮಾದರಿಯಲ್ಲಿ ಬೆಳೆದವು. ಲಕಮನಹಳ್ಳಿಯ ಧಾರವಾಡ ಹಾಲು ಒಕ್ಕೂಟವೂ ಇದೇ ಸಾಲಿನದು. ಪ್ರೋತ್ಸಾಹಧನ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ ನಿಜ, ಆದರೆ ಯಾರಿಗೆ ಎಷ್ಟು ಬಾಕಿ ಎಂಬುದಕ್ಕೆ ಲೆಕ್ಕವಿರುತ್ತದೆ. ನಮ್ಮವ್ವನ ಹಾಲಿಗೆ ಅಂಥ ಲೆಕ್ಕ ಇಟ್ಟವರು ಯಾರೂ ಇಲ್ಲ. ನಗರದೊಳಗೆ ಸೇರಿಹೋದ ಗೋಪನಕೊಪ್ಪದಂಥ ಊರುಗಳ ಎಮ್ಮೆಗಳನ್ನೂ ಎಣಿಸುವ ದಾರಿ ಹುಡುಕಬೇಕೆಂಬುದು ನನ್ನ ವಾದ. ಓಣಿಯಲ್ಲಿ ಒಳ್ಳೆಯ ದರ ಸಿಗುತ್ತದಲ್ಲ, ಐದು ರೂಪಾಯಿ ಯಾಕೆ ಬೇಕು ಎಂಬುದು ಅವ್ವನ ವಾದ.

1949ರಲ್ಲಿ ಸರ್ಕಾರಿ ಕೆಲಸಕ್ಕೆ ಆನಂದ್‌ಗೆ ಬಂದ ಕುರಿಯನ್ ಬೇಸರಪಟ್ಟು ಹೊರಡಲು ನಿಂತಿದ್ದರು. ಅವರನ್ನು ಒಪ್ಪಿಸಿ ಒಕ್ಕೂಟಕ್ಕೆ ಕರೆತಂದವರು ತ್ರಿಭುವನದಾಸರೇ. ಯಂತ್ರದ ಕೆಲಸ ಅವರಿಗೆ ಬಿಟ್ಟರು, ತಾವು ಹಳ್ಳಿಗಳನ್ನು ನೋಡಿಕೊಂಡರು. 1963ರಲ್ಲಿ ಇಬ್ಬರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎಪ್ಪತ್ತರ ದಶಕದಲ್ಲಿ ಅವರು ಅಧಿಕಾರ ಬಿಟ್ಟಾಗ ಸಂಘಗಳ ಸದಸ್ಯರು ತಲಾ ಒಂದು ರೂಪಾಯಿ ಹಾಕಿ ನಿಧಿ ಅರ್ಪಿಸಿದರು. ಅದನ್ನೂ ಅವರು ಇಟ್ಟುಕೊಳ್ಳಲಿಲ್ಲ. ಆ ದುಡ್ಡಿನಿಂದ ಹಳ್ಳಿಯ ತಾಯಂದಿರ, ಮಕ್ಕಳ ಆರೋಗ್ಯಕ್ಕಾಗಿ ಸಂಸ್ಥೆ ಶುರುವಾಯಿತು. 1994ರ ಜೂನ್ 3ರಂದು ಅವರು ತೀರಿಕೊಂಡರು. ಆ ಸಂಸ್ಥೆ ಅವರ ನಂತರವೂ ಹಳ್ಳಿಗಳಲ್ಲಿ ಕೆಲಸ ಮಾಡುತ್ತ ಬಂದಿದೆ.