ಕೊಟ್ಟ ಮಾತಿಗೆ ತಪ್ಪದ ಲಿಂಕನ್

ಅಮೆರಿಕ ಸಂಯುಕ್ತ ಸಂಸ್ಥಾನಗಳ 16ನೆಯ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನು 1809ನೆಯ ಇಸವಿ ಫೆಬ್ರವರಿ 12ರಂದು ಕೆಂಟಕಿಯ ಒಂದು ಮರದ ದಿಮ್ಮಿಗಳ ಗುಡಿಸಲಿನಲ್ಲಿ ಜನಿಸಿದನು. ಒಂಬತ್ತು ವರ್ಷದ ಬಾಲಕನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಆತನಿಗೆ ದೊರೆತ ಶಾಲಾಶಿಕ್ಷಣವೆಲ್ಲ ಕೂಡಿದರೂ ಒಂದು ವರ್ಷವನ್ನು ಮೀರಲಿಲ್ಲ. ಹೊಲಗೆಲಸದ ನಡುವೆ ಎರವು ತಂದ ಪುಸ್ತಕಗಳನ್ನೋದಿ, ಸ್ವಪ್ರಯತ್ನದಿಂದಲೇ ನ್ಯಾಯಶಾಸ್ತ್ರವನ್ನು ಕಲಿತು ವಕೀಲನಾದನು.

1860ರ ಚುನಾವಣೆಯಲ್ಲಿ ಗೆದ್ದು ಮರುವರ್ಷ ಅಧಿಕಾರ ವಹಿಸಿಕೊಳ್ಳುವ ವೇಳೆಗೆ ದಕ್ಷಿಣದ ಏಳು ಸಂಸ್ಥಾನಗಳು ಒಕ್ಕೂಟದಿಂದ ಸಿಡಿದುಹೋಗಿದ್ದವು. ಏಪ್ರಿಲ್ ತಿಂಗಳಲ್ಲಿ ಅಂತರ್ಯುದ್ಧವು ಆರಂಭವಾಯಿತು. ದಾಸ್ಯವು ಅನ್ಯಾಯವೆಂಬುದರಲ್ಲಿ ಲಿಂಕನ್ನನಿಗೆ ಸಂಶಯವಿರಲಿಲ್ಲ. ಆದರೆ ದಾಸ್ಯಪದ್ಧತಿಯಿದ್ದೂ ಒಕ್ಕೂಟದಲ್ಲಿಯೇ ಉಳಿದಿದ್ದ ಗಡಿಸಂಸ್ಥಾನಗಳು ಕೈಬಿಟ್ಟರೆ ಯುದ್ಧದಲ್ಲಿ ಸೋಲುವೆವೆಂಬ ಅಂಜಿಕೆಯಿತ್ತು. ಸಂವಿಧಾನದ ಕಟ್ಟೂ ಇತ್ತು. ಆದುದರಿಂದ 1861ರಲ್ಲಿ ಸೇನಾಪತಿ ಫ್ರೆಮಾಂಟನು ಮಿಸ್ಸೌರಿಯಲ್ಲಿ ತಾನಾಗಿ ಹೊರಡಿಸಿದ್ದ ವಿಮೋಚನೆಯ ಆಜ್ಞೆಯನ್ನು ಆತನು ತಡೆದು, ದಾಸ್ಯವಿರೋಧಿಗಳ ನಿಂದೆಗೆ ಗುರಿಯಾದನು.

1862ರ ಜುಲೈ ತಿಂಗಳಲ್ಲಿ ವಿಮೋಚನಾ ಘೋಷಣೆಯ ಕರಡನ್ನು ಮಂತ್ರಿಮಂಡಲದ ಮುಂದಿಟ್ಟನು. ಸೋಲುಗಳ ನಡುವೆ ಹೊರಡಿಸಿದರೆ ಅದು ಹತಾಶೆಯ ಕೂಗೆನಿಸೀತೆಂದು ಮಂತ್ರಿ ಸಿವರ್ಡನು ಎಚ್ಚರಿಸಲು, ಆಂಟೀಟಮ್ ಕದನದವರೆಗೆ ಕಾದು, 1863ರ ಜನವರಿ 1ರಂದು ಘೋಷಣೆಗೆ ಸಹಿ ಹಾಕಿದನು. ಅದು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಗಡಿಸಂಸ್ಥಾನಗಳ ದಾಸರಿಗೆ ಅದರಿಂದ ಬಿಡುಗಡೆ ದೊರೆಯಲಿಲ್ಲ. ಆದರೂ ಕಪ್ಪುಜನರಿಗೆ ಸೇನೆಯ ಬಾಗಿಲು ತೆರೆಯಿತು. ಯುದ್ಧ ಮುಗಿಯುವುದರೊಳಗೆ ಸುಮಾರು 1,80,000 ಮಂದಿ ಒಕ್ಕೂಟದ ಸೈನಿಕರಾದರು.

ನಿಜವಾದ ಪರೀಕ್ಷೆಯೊದಗಿದುದು 1864ರ ಆಗಸ್ಟ್ ತಿಂಗಳಲ್ಲಿ. ಯುದ್ಧಕ್ಕೆ ಕೊನೆಗಾಣದೆ ಜನರು ಬೇಸತ್ತಿದ್ದರು. ಸಂಧಿಗೆ ದಾಸ್ಯವಿಮೋಚನೆಯ ನಿಬಂಧನೆಯನ್ನು ಬಿಡದಿದ್ದರೆ ಚುನಾವಣೆಯಲ್ಲಿ ಸೋಲು ಖಂಡಿತವೆಂದು ಸ್ವಪಕ್ಷದವರೇ ಒತ್ತಾಯಿಸಿದರು. ತಾನು ಸೋಲುವೆನೆಂದು ಲಿಂಕನ್ನನೂ ಬಗೆದಿದ್ದನು. ನಿಬಂಧನೆಯನ್ನು ಸಡಿಲಿಸುವ ಪತ್ರವೊಂದರ ಕರಡನ್ನೂ ಬರೆದನು, ಆದರೆ ಕಳುಹಿಸಲಿಲ್ಲ. ಬಿಡುಗಡೆಯ ಭರವಸೆಯನ್ನು ನಂಬಿ ಪ್ರಾಣವನ್ನೊಡ್ಡಿದವರನ್ನು ಮರಳಿ ದಾಸ್ಯಕ್ಕೆ ನೂಕಲು ಆತನು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಅಟ್ಲಾಂಟ ನಗರವು ವಶವಾಗಲು ಜನಮನವು ತಿರುಗಿತು. ನವೆಂಬರಿನಲ್ಲಿ ಮತ್ತೆ ಆಯ್ಕೆಯಾದನು. ಯುದ್ಧಕಾಲದ ಆಜ್ಞೆಯು ಶಾಂತಿಕಾಲದಲ್ಲಿ ನಿಲ್ಲದೆಹೋದೀತೆಂದು ಅರಿತು, ದಾಸ್ಯವನ್ನು ದೇಶದಾದ್ಯಂತ ನಿರ್ಮೂಲಗೊಳಿಸುವ ಸಂವಿಧಾನದ 13ನೆಯ ತಿದ್ದುಪಡಿಗಾಗಿ ಶ್ರಮಿಸಿದನು. 1865ರ ಜನವರಿ 31ರಂದು ಪ್ರತಿನಿಧಿಸಭೆಯು ಅದನ್ನು 119 ಮತಗಳಿಗೆ 56ರಂತೆ ಅಂಗೀಕರಿಸಿತು.

ಇಷ್ಟು ದೃಢನಾದ ಲಿಂಕನ್ನನು ಸೋತವರ ವಿಷಯದಲ್ಲಿ ಮೃದುವಾಗಿದ್ದನು. ದಾಸ್ಯದ ಪಾಪದಲ್ಲಿ ಉತ್ತರಕ್ಕೂ ಪಾಲುಂಟೆಂದು ತಿಳಿದವನಿಗೆ ಸೇಡು ಹೇಗೆ ರುಚಿಸೀತು? ಒಕ್ಕೂಟಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿ, ವಿಮೋಚನೆಯನ್ನು ಒಪ್ಪುವವರಿಗೆ 1863ರ ಡಿಸೆಂಬರಿನಲ್ಲಿಯೇ ಕ್ಷಮಾದಾನವನ್ನು ಸಾರಿದ್ದನು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀಯು ಶರಣಾದಾಗ, ಒಕ್ಕೂಟದ ಸೇನಾಪತಿ ಗ್ರಾಂಟನು ಆತನ ಸೈನಿಕರನ್ನು ಸೆರೆಗೊಯ್ಯದೆ ಮನೆಗೆ ಕಳುಹಿಸಿದನು. ಉಳುಮೆಗೆಂದು ಅವರವರ ಕುದುರೆಗಳನ್ನೂ ಬಿಟ್ಟುಕೊಟ್ಟನು. ಇದು ಲಿಂಕನ್ನನ ಆಶಯಕ್ಕೆ ಅನುಗುಣವಾಗಿತ್ತು.

ಎರಡು ದಿನಗಳ ಬಳಿಕ, ಕಪ್ಪುಜನರಲ್ಲಿ ತಿಳಿವಳಿಕೆಯುಳ್ಳವರಿಗೂ ಸೈನಿಕರಾಗಿದ್ದವರಿಗೂ ಮತದ ಹಕ್ಕು ದೊರೆಯಲೆಂಬ ಇಚ್ಛೆಯನ್ನು ಆತನು ಬಹಿರಂಗವಾಗಿ ನುಡಿದನು. ಆ ಸಭೆಯಲ್ಲಿದ್ದ ಬೂತ್ ಎಂಬ ನಟನು 14ರ ರಾತ್ರಿ ನಾಟಕಶಾಲೆಯಲ್ಲಿ ಗುಂಡು ಹಾರಿಸಿದನು. ಮರುದಿನ ಬೆಳಗ್ಗೆ ಲಿಂಕನ್ನನು ಅಸುನೀಗಿದನು. ಡಿಸೆಂಬರ್ 6ರಂದು 13ನೆಯ ತಿದ್ದುಪಡಿಗೆ ಬೇಕಾದಷ್ಟು ಸಂಸ್ಥಾನಗಳ ಸಮ್ಮತಿ ದೊರೆಯಿತು. ಆದರೆ ದಕ್ಷಿಣದ ಕಪ್ಪುಜನರ ಮತದ ಹಕ್ಕು ನೆಲೆಗೊಳ್ಳಲು 1965ರ ಕಾಯಿದೆಯವರೆಗೆ ಕಾಯಬೇಕಾಯಿತು. ದುರ್ಬಲನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು, ಸೋತವನನ್ನು ಹಂಗಿಸದಿರುವುದು: ಈ ಎರಡನ್ನೂ ಏಕಕಾಲದಲ್ಲಿ ಸಾಧಿಸಹೊರಟುದರಿಂದಲೇ ಲಿಂಕನ್ನನ ಬಾಳು ಇಂದಿಗೂ ಮನನಯೋಗ್ಯವಾಗಿದೆ.