ಸಂಗೀತಕ್ಕೆ ಸಭಾಗೃಹವನ್ನು ಕಟ್ಟಿದ ವಿಷ್ಣು ದಿಗಂಬರರು

ಟಿಕೆಟ್ಟು ಕೊಂಡು ಸಭಾಗೃಹದಲ್ಲಿ ಕುಳಿತು ಶಾಸ್ತ್ರೀಯ ಸಂಗೀತವನ್ನು ಕೇಳುವುದು ಮುಂಬಯಿಯವರಾದ ನಮಗೆ ಅತಿ ಸಹಜವಾಗಿ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಗಾಯನ ಸಮಾಜವು ಹುಟ್ಟಿಕೊಂಡಿದ್ದರೂ ಉತ್ತಮ ಗಾಯನವು ಬಹುಮಟ್ಟಿಗೆ ಅರಮನೆಯ ದರ್ಬಾರು ಮತ್ತು ಧನಿಕರ ದಿವಾನಖಾನೆಗಳ ಸೊತ್ತಾಗಿತ್ತು. ವಿದ್ಯೆಯು ಗುರುವಿನ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗೃಹಸ್ಥರು ತಮ್ಮ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಗಾಯಕರ ಬಳಿ ಸುಳಿಯಗೊಡುತ್ತಿರಲಿಲ್ಲ. ಈ ಬಾಗಿಲುಗಳನ್ನು ತೆರೆಯಲು ತಮ್ಮ ಆಯುಷ್ಯವನ್ನೇ ಸವೆಸಿದವರಲ್ಲಿ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಅಗ್ರಗಣ್ಯರು.

ಅವರು 1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಜನಿಸಿದರು. ತಂದೆ ದಿಗಂಬರಪಂತರು ಕೀರ್ತನಕಾರರು. ಬಾಲ್ಯದಲ್ಲಿ ಸಿಡಿಮದ್ದು ಮುಖಕ್ಕೆ ಸಿಡಿದು ಹುಡುಗನ ದೃಷ್ಟಿ ತೀರ ಕುಂದಿತು. ಶಾಲೆಯ ಓದು ಅಲ್ಲಿಗೇ ನಿಂತಿತು. ಕಣ್ಣು ಕೈಬಿಟ್ಟವನಿಗೆ ಕಿವಿಯೇ ಆಸರೆಯಾಗಲೆಂದು ಹಿರಿಯರು ಅವನನ್ನು ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿಗೆ ಸೇರಿಸಿದರು. ಗ್ವಾಲಿಯರ್ ಪರಂಪರೆಯ ಖ್ಯಾಲ ಗಾಯನವನ್ನು ದಕ್ಷಿಣ ಮಹಾರಾಷ್ಟ್ರಕ್ಕೆ ತಂದವರು ಈ ಬುವಾ ಅವರೇ. ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಮಿರಜಿನಲ್ಲಿ ಪಾಠ ಹೇಳಿದ ನೀಲಕಂಠಬುವಾ ಅವರೂ ಇವರ ಶಿಷ್ಯರೇ.

ವಿದ್ಯೆ ಕೈವಶವಾಗಿತ್ತು, ಸಂಸ್ಥಾನದ ಆಶ್ರಯವೂ ಇತ್ತು. ಆದರೆ ಸಂಗೀತಗಾರನನ್ನು ಮೆಚ್ಚುವ ಸಮಾಜವು ಅವನನ್ನು ಸಮಾನನೆಂದು ಬಗೆಯದಿರುವುದು ತರುಣನ ಮನಸ್ಸನ್ನು ಕೊರೆಯುತ್ತಿತ್ತು. 1896ರಲ್ಲಿ ವಿಷ್ಣು ದಿಗಂಬರರು ಮಿರಜನ್ನು ಬಿಟ್ಟು ಹೊರಟರು. ಬಡೋದೆ, ಸೌರಾಷ್ಟ್ರ, ಗ್ವಾಲಿಯರ್, ಮಥುರೆಗಳನ್ನು ಸುತ್ತಿದರು. ಸೌರಾಷ್ಟ್ರದಲ್ಲಿ ಟಿಕೆಟ್ಟನ್ನಿಟ್ಟು ಸಾರ್ವಜನಿಕ ಕಚೇರಿಯನ್ನು ನಡೆಸಿದರು. ರಾಜನ ಇನಾಮಿಗೆ ಕೈಯೊಡ್ಡುವುದಕ್ಕಿಂತ ನೂರು ಜನರ ಚಿಲ್ಲರೆ ಕಾಸನ್ನು ಪಡೆಯುವುದೇ ಗೌರವವೆಂದು ಅವರು ಕಂಡುಕೊಂಡದ್ದು ಸಣ್ಣ ಮಾತಲ್ಲ.

1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವು ಸ್ಥಾಪಿತವಾಯಿತು. ತರಗತಿ, ಪಠ್ಯಕ್ರಮ, ಪರೀಕ್ಷೆ — ನಿಮ್ಮ ಶಾಲೆಯಲ್ಲಿರುವ ವ್ಯವಸ್ಥೆಯೆಲ್ಲ ಅಲ್ಲಿ ಸಂಗೀತಕ್ಕೆ ಏರ್ಪಟ್ಟಿತು. ಸ್ತ್ರೀಯರಿಗೂ ಪಾಠವುಂಟು. ಸ್ವರಲಿಪಿಯೊಂದನ್ನು ರಚಿಸಿ, ಸ್ವಂತ ಮುದ್ರಣಾಲಯದಲ್ಲಿ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಆಯ್ದ ಶಿಷ್ಯರಿಗೆ ಊಟ, ವಸತಿ, ವಿದ್ಯೆ ಎಲ್ಲವೂ ಉಚಿತ. ಪ್ರತಿಫಲವಾಗಿ ಅವರು ಮುಂದೆ ಊರೂರಿಗೆ ಹೋಗಿ ಸಂಗೀತವನ್ನು ಕಲಿಸಬೇಕು. ಶೃಂಗಾರದ ಚೀಜುಗಳನ್ನು ಬದಿಗಿಟ್ಟು ಭಕ್ತಿಯ ಸಾಹಿತ್ಯವನ್ನು ಮುಂದೆ ತಂದುದರಿಂದ ಮನೆತನಸ್ಥರ ಅಂಜಿಕೆ ಕರಗಿತು. ಇದರಿಂದ ಹಳೆಯ ಗಾಯನದ ಕೆಲವು ಬಣ್ಣಗಳು ಮಾಸಿದುವೆಂದು ರಸಿಕರು ಆಕ್ಷೇಪಿಸುವುದುಂಟು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ತರಗತಿಯಲ್ಲಿ ಕಲಿತವರೆಲ್ಲ ತಾನಸೇನರಾಗರೆಂಬುದನ್ನು ಪಂಡಿತರೂ ಬಲ್ಲವರೇ. ಸಂಗೀತವನ್ನು ಅರಿತು ಕೇಳುವ ಕಿವಿಗಳು ಊರುಗಳಲ್ಲಿ ತುಂಬಬೇಕೆಂಬುದೂ ಅವರ ಹಂಬಲವಾಗಿತ್ತು.

1908ರಲ್ಲಿ ಅವರು ಮುಂಬಯಿಯಲ್ಲಿ ಮಹಾವಿದ್ಯಾಲಯವನ್ನು ತೆರೆದರು. ಬಾಡಿಗೆಯ ಕೋಣೆಗಳಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಸಂಗೀತಕ್ಕೆ ತನ್ನದೇ ಮನೆ ಬೇಕು. ಪಾಠಕ್ಕೆ ಕೊಠಡಿ, ಶಿಷ್ಯರಿಗೆ ವಸತಿ, ನಾಗರಿಕರು ಬಂದು ಕೇಳಲು ಸಭಾಗೃಹ ಎಲ್ಲವೂ ಒಂದೇ ಸೂರಿನಡಿ ಇರಬೇಕು. ಸಾಲ ತೆಗೆದು ಸ್ಯಾಂಡ್‌ಹರ್ಸ್ಟ್ ರಸ್ತೆಯಲ್ಲಿ ದೊಡ್ಡ ಕಟ್ಟಡವನ್ನು ನಿಲ್ಲಿಸಿದರು. ಸಾಲವನ್ನು ತೀರಿಸಲು ಊರೂರು ಅಲೆದು ಹಾಡಿದರು. ಕಚೇರಿಯ ಸಂಪಾದನೆಯೆಲ್ಲ ಬಡ್ಡಿಗೂ ಶಿಷ್ಯರ ಅನ್ನಕ್ಕೂ ಹೋಗುತ್ತಿತ್ತು. ಲೆಕ್ಕಪತ್ರವು ಅವರಿಗೆ ಒಲಿದ ವಿದ್ಯೆಯಲ್ಲ. ಉದಾರಿಗಳಿಗೆ ಅದು ಒಲಿಯುವುದು ಅಪರೂಪವಷ್ಟೆ. 1924ರ ಸುಮಾರಿಗೆ ಸಾಲಗಾರರ ಹಕ್ಕಿಗೆ ಸಿಕ್ಕಿ ಆ ಕಟ್ಟಡವು ಹರಾಜಾಯಿತು. ಹತ್ತಾರು ವರ್ಷ ದುಡಿದು ಎಬ್ಬಿಸಿದ ಮನೆ ಅನ್ಯರ ಪಾಲಾಯಿತು.

ಮನೆಯೊಳಗಿನ ದುಃಖವೂ ಕಡಮೆಯದಲ್ಲ. ಹುಟ್ಟಿದ ಮಕ್ಕಳಲ್ಲಿ ಬಹುತೇಕ ಎಲ್ಲರೂ ಎಳವೆಯಲ್ಲಿಯೇ ತೀರಿಕೊಂಡರು. 1921ರಲ್ಲಿ ಜನಿಸಿದ ದತ್ತಾತ್ರೇಯನೊಬ್ಬನೇ ಉಳಿದನು. ಪಂಡಿತರು ಕೊನೆಯ ವರ್ಷಗಳಲ್ಲಿ ನಾಸಿಕದ ಆಶ್ರಮದಲ್ಲಿ ಕಾವಿಯುಟ್ಟು ರಾಮನಾಮದಲ್ಲಿ ಮುಳುಗಿದರು. 1931ರ ಆಗಸ್ಟ್ 21ರಂದು, ತಾವು ವಿದ್ಯೆ ಕಲಿತ ಮಿರಜಿನಲ್ಲಿಯೇ ಕಣ್ಮುಚ್ಚಿದರು. ಮಗನಿಗೆ ಆಗ ಹತ್ತು ವರ್ಷ. ತಂದೆಯ ಶಿಷ್ಯರೇ ಅವನಿಗೆ ಗುರುಗಳಾಗಿ, ಡಿ. ವಿ. ಪಲುಸ್ಕರರೆಂಬ ಮಧುರ ಗಾಯಕನನ್ನು ನಾಡಿಗೆ ಕೊಟ್ಟರು.

ಹರಾಜಿನವರಿಗೆ ದೊರೆತದ್ದು ಕಲ್ಲುಗಾರೆ ಮಾತ್ರ. ಶಿಷ್ಯರು ಆಗಲೇ ಚೆದರಿ ನೆಲೆನಿಂತಿದ್ದರು. ನಾರಾಯಣ ಮೋರೇಶ್ವರ ಖರೆಯವರು ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ ಪ್ರಾರ್ಥನೆಯನ್ನು ಹಾಡಿಸುತ್ತಿದ್ದರು. ವಿನಾಯಕರಾವ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಮುಂಬಯಿಯಲ್ಲಿಯೇ ಬಿ. ಆರ್. ದೇವಧರರು ಸಂಗೀತ ಶಾಲೆಯೊಂದನ್ನು ನಡೆಸಿದರು. ಅಲ್ಲಿಗೆ ಬೆಳಗಾವಿಯ ಕಡೆಯ ಸುಳೇಭಾವಿಯಿಂದ ಶಿವಪುತ್ರನೆಂಬ ಕನ್ನಡದ ಹುಡುಗನೊಬ್ಬನು ಬಂದು ಸೇರಿದನು. ಅವನೇ ಕುಮಾರ ಗಂಧರ್ವ.