ಗೋಡೆಯಾಗಿದ್ದವನು ಗೋಲು ಹೊಡೆದ ದಿನ

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಸಂಜೆ ಹುಡುಗರು ಫುಟ್‌ಬಾಲ್ ಆಡುವುದನ್ನು ನೋಡುತ್ತಾ ನಿಂತರೆ ನನಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಈ ಕ್ಯಾಂಪ್ ಶುರುವಾಗಿದ್ದು 1966ರಲ್ಲಿ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಹುಡುಗರನ್ನು ನಾವು ಇವತ್ತಿಗೂ ಹೊರಗಿನವರು ಅಂತಲೇ ಕರೀತೀವಿ. ಹಾಗೆ ನೋಡಿದರೆ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಒಳಗಿನವರು ಯಾರು? ದಾಂಡೇಲಿ ಬೆಳೆದಿದ್ದೇ ಕಾಗದ ಕಾರ್ಖಾನೆಗೆ ಕೆಲಸ ಹುಡುಕಿಕೊಂಡು ಬಂದವರಿಂದ. ಹಳಿಯಾಳದ ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಜೋಯಿಡಾದ ರಾಮನಗರದಲ್ಲಿ ಸೂಪಾ ಅಣೆಕಟ್ಟಿಗೆ ಊರು ಕಳೆದುಕೊಂಡವರಿದ್ದಾರೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಬ್ಬ ಡಿಫೆಂಡರ್. ಅವನೂ ಎಲ್ಲಿಂದಲೋ ಬಂದವನೇ. ಹೆಸರು ಜರ್ನೈಲ್ ಸಿಂಗ್.

ಲಯಾಲ್‌ಪುರದಿಂದ ಮಾಹಿಲ್‌ಪುರಕ್ಕೆ

1936ರ ಫೆಬ್ರುವರಿ 20ರಂದು ಜರ್ನೈಲ್ ಸಿಂಗ್ ಧಿಲ್ಲೋನ್ ಹುಟ್ಟಿದ್ದು ಲಯಾಲ್‌ಪುರದಲ್ಲಿ. ಅದೀಗ ಪಾಕಿಸ್ತಾನದ ಫೈಸಲಾಬಾದ್. ದೇಶ ವಿಭಜನೆಯಾದಾಗ ಅವನಿಗೆ ಹನ್ನೊಂದು ವರ್ಷ. ಹೊಲ, ಮನೆ, ನೆರೆಹೊರೆ ಎಲ್ಲವನ್ನೂ ಬಿಟ್ಟು ಲಕ್ಷಾಂತರ ಜನ ಗಡಿ ದಾಟಿದ ಆ ದಿನಗಳಲ್ಲಿ ಇವನ ಕುಟುಂಬವೂ ದಾಟಿತು. ನೆಲೆ ಸಿಕ್ಕಿದ್ದು ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯಲ್ಲಿ. ಅಲ್ಲಿನ ಮಾಹಿಲ್‌ಪುರ ಫುಟ್‌ಬಾಲ್ ಹುಚ್ಚಿನ ಊರು. ಅಲ್ಲಿನ ಖಾಲ್ಸಾ ಕಾಲೇಜಿನ ಮೈದಾನದಲ್ಲಿ ಈ ಎತ್ತರದ, ಗಟ್ಟಿಮುಟ್ಟಾದ ಹುಡುಗನ ಆಟ ಕುದುರಿತು.

ಫುಟ್‌ಬಾಲಿನಲ್ಲಿ ಹೆಸರು ಮಾಡಬೇಕು ಅಂದರೆ ಆಗ ಕಲ್ಕತ್ತಾಕ್ಕೇ ಹೋಗಬೇಕಿತ್ತು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಹೋಗಿದ್ದೂ ಅಲ್ಲಿಗೇ, ಈಸ್ಟ್ ಬೆಂಗಾಲ್ ಕ್ಲಬ್ಬಿಗೆ. ಜರ್ನೈಲ್ ಮೊದಲು ರಾಜಸ್ಥಾನ್ ಕ್ಲಬ್‌ಗೆ ಆಡಿ, 1959ರಲ್ಲಿ ಮೋಹನ್ ಬಾಗಾನ್ ಸೇರಿದ. ಮುಂದಿನ ಸುಮಾರು ಹತ್ತು ವರ್ಷ ಆ ಹಸಿರು-ಕೆಂಗಂದು ಜೆರ್ಸಿಯ ಹಿಂಭಾಗ ಇವನದೇ. 1963, 64, 65ರಲ್ಲಿ ಸತತ ಮೂರು ವರ್ಷ ಡ್ಯುರಾಂಡ್ ಕಪ್ ಬಂತು. ಆಗಿನ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ರಾಷ್ಟ್ರೀಯ ಲೀಗ್ ಶುರುವಾಗಿದ್ದೇ 1996ರಲ್ಲಿ. ಆದರೆ ಇವರು ಬದುಕಿದ್ದು ಮಾತ್ರ ಫುಟ್‌ಬಾಲಿಗಾಗಿಯೇ.

ಅವನ ಜಾಗ ಸ್ಟಾಪರ್, ಅಂದರೆ ಗೋಲ್‌ಕೀಪರ್ ಮುಂದೆ ನಟ್ಟನಡುವೆ ನಿಲ್ಲುವ ಡಿಫೆಂಡರ್. ಟ್ಯಾಕಲ್‌ಗೆ ಇಳಿದರೆ ಎದುರಾಳಿ ಒಂದು ಕ್ಷಣ ಹಿಂಜರಿಯಬೇಕು, ಅಂಥ ಒರಟುತನ. ಎತ್ತರದ ಚೆಂಡು ಬಂದರೆ ಹೆಡರ್ ಇವನದೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹಂಗೇರಿ ಎದುರು ಸೋತಿದ್ದು 2-1ರಿಂದ ಮಾತ್ರ, ಫ್ರಾನ್ಸ್ ಜೊತೆ 1-1 ಡ್ರಾ. ಆ ತಂಡದ ರಕ್ಷಣೆಯಲ್ಲಿ ಜರ್ನೈಲ್ ಇದ್ದ, ಮುಂದಿನ ಸಾಲಿನಲ್ಲಿ ಹಾಫ್‌ಬ್ಯಾಕ್ ಆಗಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು.

ಜಕಾರ್ತಾ, 1962

ಜಕಾರ್ತಾ ಏಷ್ಯನ್ ಗೇಮ್ಸ್ ಭಾರತಕ್ಕೆ ಕೆಟ್ಟದಾಗಿ ಶುರುವಾಯಿತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಥಾಯ್ಲೆಂಡ್ ಎದುರು 4-1ರಿಂದ ಗೆದ್ದರೂ ಜರ್ನೈಲ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಜಪಾನ್ ಎದುರು 2-0 ಗೆದ್ದು ತಂಡ ಸೆಮಿಫೈನಲ್‌ಗೆ ಬಂತು.

ಕೋಚ್ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನವರು, ಮೂಲತಃ ಮೇಷ್ಟ್ರು. ಅವರ ಎದುರು ಒಂದು ಇಕ್ಕಟ್ಟು. ತಲೆಗೆ ಹೊಲಿಗೆ ಹಾಕಿಸಿಕೊಂಡವನನ್ನು ಸ್ಟಾಪರ್ ಜಾಗದಲ್ಲಿ ನಿಲ್ಲಿಸಿದರೆ ಪ್ರತಿ ಎರಡು ನಿಮಿಷಕ್ಕೆ ಹೆಡರ್‌ಗೆ ಏಳಬೇಕು. ಕೂರಿಸಿದರೆ ತಂಡದ ಧೈರ್ಯವೇ ಬೆಂಚಿನಲ್ಲಿ ಕೂತ ಹಾಗೆ. ರಹೀಂ ಅವನನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಗೋಲು ತಡೆಯುವವನನ್ನು ಗೋಲು ಹೊಡೆಯುವ ಜಾಗಕ್ಕೆ ಕಳಿಸಿದರು!

ನಾನು ಇಂಜಿನಿಯರಿಂಗ್ ಓದಿದವನು. ಕಟ್ಟಡದ ಮುಖ್ಯ ಕಂಬವನ್ನು ಸರಿಸುವ ಮುಂಚೆ ಅದು ಹೊತ್ತಿದ್ದ ಭಾರ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಬೇಕು. ರಹೀಂ ಆ ಲೆಕ್ಕ ಹಾಕಿದ್ದರು. ನಡುವಿನ ಭಾರವನ್ನು ಹೊತ್ತಿದ್ದು ಅರುಣ್ ಘೋಷ್. ಈ ಕಥೆ ಹೇಳುವಾಗ ಘೋಷ್ ಹೆಸರು ಬಿಟ್ಟೇ ಹೋಗುತ್ತದೆ, ಬಿಡಬಾರದು. ಒಬ್ಬ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕಾದರೆ ಆ ಜಾಗ ತುಂಬುವವನು ಇನ್ನೊಬ್ಬ ಬೇಕು.

ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2 ಗೆಲುವು. ಎರಡು ಗೋಲು ನಾಯಕ ಚುನಿ ಗೋಸ್ವಾಮಿಯದು, ಒಂದು ಜರ್ನೈಲ್‌ನದು.

ಇಷ್ಟರಲ್ಲಿ ಮೈದಾನದ ಹೊರಗೆ ಬೇರೆಯದೇ ಬೆಂಕಿ ಹೊತ್ತಿತ್ತು. ಆತಿಥೇಯ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ವೀಸಾ ಕೊಡಲಿಲ್ಲ. ಭಾರತದ ಕ್ರೀಡಾ ಆಡಳಿತಗಾರ ಜಿ. ಡಿ. ಸೋಂಧಿ ಇದನ್ನು ವಿರೋಧಿಸಿದರು, ಇದಕ್ಕೆ ಏಷ್ಯನ್ ಗೇಮ್ಸ್ ಅನ್ನುವ ಹೆಸರೇ ಸಲ್ಲದು ಎಂಬ ನಿಲುವು ತಗೊಂಡರು. ಜಕಾರ್ತಾ ರೊಚ್ಚಿಗೆದ್ದಿತು. ಜನ ಭಾರತೀಯ ರಾಯಭಾರ ಕಚೇರಿಗೇ ನುಗ್ಗಿದರು. ಮಾತಾಡಿದ್ದು ಅಧಿಕಾರಿ, ಅನುಭವಿಸಬೇಕಾಗಿದ್ದು ಆಟಗಾರರು. ಬಸ್ಸಿನಲ್ಲಿ ಹೋಗುವಾಗ ಪೇಟ ಕಂಡರೆ ಕಲ್ಲು ಬೀಳಬಹುದು ಅಂತ ಜರ್ನೈಲ್‌ನನ್ನು ಸೀಟಿನ ಕೆಳಗೆ ಕೂರಿಸಿಕೊಂಡು ಹೋಗಿದ್ದನ್ನು ತಂಡದವರು ಮುಂದೆ ನೆನೆದಿದ್ದಾರೆ. ಹನ್ನೊಂದನೇ ವಯಸ್ಸಿನಲ್ಲಿ ಧರ್ಮದ ಕಾರಣಕ್ಕೆ ಊರು ಬಿಟ್ಟವನಿಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಪೇಟದ ಕಾರಣಕ್ಕೆ ಬಗ್ಗಿ ಕೂರಬೇಕಾಯಿತು.

ಸೆಪ್ಟೆಂಬರ್ 4, ಫೈನಲ್. ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ. ಸೆನಾಯನ್ ಸ್ಟೇಡಿಯಂ ತುಂಬ ಜನ, ಬಹುತೇಕ ಎಲ್ಲರೂ ಭಾರತ ಸೋಲಲಿ ಅನ್ನುವವರೇ. ಭಾರತಕ್ಕೆ ಕೂಗು ಹಾಕಿದ ಬೆರಳೆಣಿಕೆಯ ಜನರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರು ಎಂದು ನಮ್ಮ ಆಟಗಾರರೇ ಹೇಳಿಕೊಂಡಿದ್ದಾರೆ. ಅದೂ ಹಾಕಿಯಲ್ಲಿ ಭಾರತವನ್ನೇ ಸೋಲಿಸಿ ಚಿನ್ನ ಗೆದ್ದ ತಂಡ. ಲಯಾಲ್‌ಪುರದಲ್ಲಿ ಹುಟ್ಟಿದವನಿಗೆ ಆ ಕೂಗು ಹೇಗೆ ಕೇಳಿಸಿರಬಹುದು, ನೀವೇ ಊಹಿಸಿ.

17ನೇ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. 20ನೇ ನಿಮಿಷದಲ್ಲಿ ಜರ್ನೈಲ್ ಸಿಂಗ್. ಕೊನೆಗೆ ಐದು ನಿಮಿಷ ಇರುವಾಗ ಕೊರಿಯಾ ಒಂದು ಗೋಲು ತಿರುಗಿಸಿತು, ಅಷ್ಟೇ. 2-1. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಅದಾದ ಮೇಲೆ ಭಾರತಕ್ಕೆ ಇವತ್ತಿನವರೆಗೂ ಬಂದಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಂ 1963ರ ಜೂನ್‌ನಲ್ಲಿ ತೀರಿಕೊಂಡರು.

ಆಮೇಲೆ

1964ರಲ್ಲಿ ಜರ್ನೈಲ್‌ಗೆ ಅರ್ಜುನ ಪ್ರಶಸ್ತಿ. ಮುಂದೆ ಭಾರತದ ನಾಯಕ, ಏಷ್ಯನ್ ಆಲ್ ಸ್ಟಾರ್ ತಂಡದ ನಾಯಕನೂ ಆದ. ಕಲ್ಕತ್ತಾ ಬಿಟ್ಟು ಪಂಜಾಬಿಗೆ ಮರಳಿ, ಅಲ್ಲಿನ ಕ್ರೀಡಾ ಇಲಾಖೆ ಸೇರಿ, ಕೋಚ್ ಆದ. ಪಂಜಾಬ್ ತನ್ನ ಮೊದಲ ಸಂತೋಷ್ ಟ್ರೋಫಿ ಗೆದ್ದಿದ್ದು ಇವನ ಕಾಲದಲ್ಲೇ, ಜಲಂಧರ್‌ನಲ್ಲಿ. 1970-71ರ ಆ ಫೈನಲ್‌ನಲ್ಲಿ ಸೋತಿದ್ದು ಯಾರು ಗೊತ್ತಾ? ನಾವೇ, ಆಗಿನ ಮೈಸೂರು ರಾಜ್ಯ. ಕೆಲವೇ ವರ್ಷಗಳ ಹಿಂದೆ ಸತತ ಎರಡು ಬಾರಿ ಚಾಂಪಿಯನ್ ಆಗಿದ್ದ ನಮಗೆ ಆ ಟ್ರೋಫಿ ಮತ್ತೆ ಸಿಗಲು 2023ರವರೆಗೆ ಕಾಯಬೇಕಾಯಿತು.

ಕೊನೆಯ ದಿನಗಳಲ್ಲಿ ಜರ್ನೈಲ್ ಇನ್ನೊಂದು ಸಲ ದೇಶ ದಾಟಿದ. 2000ದ ಅಕ್ಟೋಬರ್ 13ರಂದು ಕೆನಡಾದಲ್ಲಿ ತೀರಿಕೊಂಡ.

ಈಗ ಮುಂಡಗೋಡಕ್ಕೆ ವಾಪಸ್ ಬರೋಣ. 1947ರಲ್ಲಿ ಗಡಿ ದಾಟಿ ಬಂದವರನ್ನು ನಮ್ಮ ಸಂವಿಧಾನ 6ನೇ ವಿಧಿಯಲ್ಲಿ ನಾಗರಿಕರೆಂದು ಒಪ್ಪಿಕೊಂಡಿತು. ಜರ್ನೈಲ್ ಭಾರತದ ಜೆರ್ಸಿ ಹಾಕಲು ಸಾಧ್ಯವಾಗಿದ್ದು ಅದರಿಂದ. ಇವತ್ತಿನ ಪೌರತ್ವ ಕಾಯ್ದೆ ಹಾಗಿಲ್ಲ. 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದವರಿಗೆ ಹುಟ್ಟಿದ್ದಷ್ಟೇ ಸಾಲದು, ಅಪ್ಪ-ಅಮ್ಮನ ಪೌರತ್ವದ ಲೆಕ್ಕವೂ ಬೇಕು. ಭಾರತದ ಪಾಸ್‌ಪೋರ್ಟ್ ಇಲ್ಲದವನು ಎಷ್ಟೇ ಚೆನ್ನಾಗಿ ಆಡಿದರೂ ಭಾರತ ತಂಡಕ್ಕೆ ಬರಲಾರ. ನಮಗೆ ಭಾರತದ ಪೌರತ್ವ ಬೇಡ, ಟಿಬೆಟ್ಟೇ ಬೇಕು ಅನ್ನುವವರೂ ಕ್ಯಾಂಪಿನಲ್ಲಿದ್ದಾರೆ. ಅದು ಅವರ ಆಯ್ಕೆ, ಗೌರವಿಸೋಣ. ಆದರೆ ಬೇಕು ಅನ್ನುವ ಹುಡುಗನಿಗೆ ನಾವು ಏನು ಹೇಳ್ತೀವಿ?

ರಹೀಂ ಎಂಬ ಮುಸ್ಲಿಂ ಮೇಷ್ಟ್ರು, ಜರ್ನೈಲ್ ಎಂಬ ಸಿಖ್ ನಿರಾಶ್ರಿತ, ಬಂಗಾಳದ ಘೋಷ್, ಗೋಸ್ವಾಮಿ, ಬ್ಯಾನರ್ಜಿ. ಆ ತಂಡದಲ್ಲಿ ಯಾರು ಎಲ್ಲಿಂದ ಬಂದರು ಅನ್ನುವುದರ ಮೇಲೆ ಜಾಗ ಹಂಚಲಿಲ್ಲ. ಆ ಹೊತ್ತಿಗೆ ಎಲ್ಲಿ ನಿಂತರೆ ತಂಡಕ್ಕೆ ಒಳ್ಳೆಯದು ಅಂತ ನೋಡಿದರು. ಮುಂಡಗೋಡದ ಹುಡುಗನ ಮುಂದೆಯೂ ನಾವು ಅದೇ ಲೆಕ್ಕ ಇಡುತ್ತೇವಾ, ಅಥವಾ ಮೊದಲು ಅವನ ಕಾಗದ ಕೇಳುತ್ತೇವಾ?